ಉತ್ತರ ಬಂದ ಅರ್ಜಿ

ಹೊಸ ಸಿಮ್ ಹಾಕಿಸಿಕೊಂಡ ಮೊದಲ ಭಾನುವಾರವೇ ಲತಾಗೆ ಜೈಲಿನಿಂದ ಫೋನ್ ಬಂತು. ಕಾಮಾಕ್ಷಿಪಾಳ್ಯದಲ್ಲಿ ಸೀರೆಗೆ ಫಾಲ್ಸ್ ಹಚ್ಚಿ, ಬ್ಲೌಸ್ ಹೊಲಿದುಕೊಟ್ಟು ಬದುಕುವವಳಿಗೆ ಜೈಲಿನಲ್ಲಿ ಯಾವ ಗಿರಾಕಿ? ಮೊದಲು ರೆಕಾರ್ಡು ಮಾಡಿದ ಹೆಣ್ಣುದನಿಯೊಂದು ಮಾತಾಡಿತು. ಇದು ಇಂಥ ಕಾರಾಗೃಹದ ಬಂದಿ ಕೊಟ್ರೇಶ್ ಅವರ ಕರೆ, ಮಾತುಗಳು ದಾಖಲಾಗುತ್ತವೆ, ಐದು ನಿಮಿಷಕ್ಕೆ ಕರೆ ತಾನಾಗಿಯೇ ನಿಲ್ಲುತ್ತದೆ. ಆಮೇಲೆ ಒಬ್ಬ ಗಂಡಸು "ಅಮ್ಮಾ?" ಎಂದ. "ಇಲ್ಲಿ ಯಾವ ಅಮ್ಮನೂ ಇಲ್ಲ" ಎಂದು ಲತಾ ಕಟ್ ಮಾಡಿದಳು.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಮತ್ತೆ ಬಂತು. ಅದರ ಮುಂದಿನ ಭಾನುವಾರವೂ ಬಂತು. ಆಗ ಅವಳು ಗಂಡನಿಗೆ ಹೇಳಿದಳು.

ಅವಳ ಗಂಡ ಅರುಣ ಮಾಗಡಿ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾನೆ. ಅದು ಹೊಟ್ಟೆಪಾಡು ಅಷ್ಟೆ, ಅವನ ಜೀವ ಇರುವುದು ಅರ್ಜಿ ಬರೆಯುವುದರಲ್ಲಿ. ಬೀದಿದೀಪ ಉರಿಯದಿದ್ದರೆ ಅರ್ಜಿ, ಮೋರಿ ಕಟ್ಟಿಕೊಂಡರೆ ಅರ್ಜಿ, ನಾಯಿ ಹೆಚ್ಚಾದರೂ ಅರ್ಜಿ. ಎಲ್ಲದರ ಜೆರಾಕ್ಸೂ ಬೀರುವಿನ ಮೇಲಿನ ನೀಲಿ ಫೈಲಿನಲ್ಲಿ ಭದ್ರವಾಗಿದೆ. ಹನ್ನೆರಡು ವರ್ಷದಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ, ಪುಣ್ಯಾತ್ಮನ ಉತ್ಸಾಹವೂ ಕುಂದಿರಲಿಲ್ಲ.

"ಇದು ಡಿಜಿಟಲ್ ಅರೆಸ್ಟ್ ಥರದ್ದೇ ಏನೋ ಕಣೇ. ಪೇಪರಲ್ಲಿ ದಿನಾ ಬರುತ್ತಲ್ಲ" ಎಂದ.

"ಬ್ಲಾಕ್ ಮಾಡಿಬಿಡ್ಲೇನ್ರೀ?"

"ಬ್ಲಾಕ್ ಮಾಡಿದ್ರೆ ಇನ್ನೊಂದು ನಂಬರಿಂದ ಮಾಡ್ತಾರೆ. ಬುಡಕ್ಕೇ ಕೈ ಹಾಕ್ಬೇಕು. ನಿನ್ನ ಹೆಸರಲ್ಲಿ ಅರ್ಜಿ ಬರೀತೀನಿ, ಸೈನ್ ಮಾಡು."

ಬರೆದ. ಬರೆದ ಮೇಲೆ ಎದ್ದು ನಿಂತು ಓದಿಯೂ ತೋರಿಸಿದ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ನಂಬರು ಈಗ ನನ್ನ ಹೆಸರಿನಲ್ಲಿರುತ್ತದೆ. ಸದರಿ ಬಂದಿಯು ಕೇಳುವ ಆತನ ತಾಯಿಯು ಇರುವುದಿಲ್ಲ. ನನಗೂ ಆತನಿಗೂ ಯಾವುದೇ ಸಂಬಂಧ ಇರುವುದಿಲ್ಲ. ಆದ್ದರಿಂದ ಸದರಿ ನಂಬರನ್ನು ತೆಗೆದುಹಾಕಬೇಕಾಗಿ ವಿನಂತಿ." ಲತಾ ಸಾರಿಗೆ ಒಗ್ಗರಣೆ ಹಾಕುತ್ತ ಅರ್ಧಂಬರ್ಧ ಕೇಳಿಸಿಕೊಂಡಳು, ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಆಧಾರ್ ಜೆರಾಕ್ಸ್ ಇಟ್ಟು ಅರುಣ ಅದನ್ನು ಸ್ಪೀಡ್ ಪೋಸ್ಟ್ ಮಾಡಿದ. ಮೋರಿಯ ಅರ್ಜಿಗೇ ತಲೆ ಕೆಡಿಸಿಕೊಳ್ಳದ ಸರ್ಕಾರ ಇದಕ್ಕೆ ಎಲ್ಲಿ ಕೆಡಿಸಿಕೊಳ್ಳುತ್ತದೆ ಎಂದುಕೊಂಡು ಲತಾ ಎರಡೇ ದಿನದಲ್ಲಿ ಮರೆತಳು.

ಅದಾಗಿ ಮೂರನೆಯ ಭಾನುವಾರ ಮಡಿಲಲ್ಲಿ ಮದುವೆ ಸೀರೆ ಹರಡಿಕೊಂಡು ಕೂತಿದ್ದಾಗ ಫೋನ್ ಬಂತು. ಗಿರಾಕಿ ಇರಬೇಕೆಂದು ಮೊಣಕೈಯಲ್ಲೇ ಒತ್ತಿ ಸ್ಪೀಕರಿಗೆ ಹಾಕಿದಳು. ರೆಕಾರ್ಡಿನ ಹೆಂಗಸು ತನ್ನ ಪಾಠ ಒಪ್ಪಿಸಿದಳು. ಸೂಜಿ ಸೀರೆಯೊಳಗೆ ಸಿಕ್ಕಿಕೊಂಡಿದ್ದರಿಂದ ಲತಾಗೆ ತಕ್ಷಣ ಕಟ್ ಮಾಡಲು ಆಗಲಿಲ್ಲ.

"ಅಕ್ಕಾ, ದಮ್ಮಯ್ಯ ಅಂತೀನಿ, ಕಟ್ ಮಾಡ್ಬೇಡಿ. ನೀವು ಯಾರೋ ನಂಗೊತ್ತಿಲ್ಲ. ಒಂದೇ ಒಂದು ಮಾತು."

"ಏನಪ್ಪಾ?" ಎಂದಳು. ಯಾಕೆ ಎಂದೆನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ.

"ಇದು ನಮ್ಮಮ್ಮನ ನಂಬರ್. ಒಂದು ವರ್ಷದಿಂದ ಸ್ವಿಚ್ ಆಫ್ ಬರ್ತಿತ್ತು. ಇಲ್ಲಿಂದ ಈ ಒಂದು ನಂಬರಿಗೆ ಬಿಟ್ಟು ಬೇರೆಲ್ಲೂ ಮಾಡೋಕಾಗಲ್ಲ, ಬರೆಸಿರೋದು ಇದೊಂದೇ. ತಿಂಗಳಿಗೆ ಮುನ್ನೂರು ರೂಪಾಯಿ ಮನಿ ಆರ್ಡರ್ ಮಾಡ್ತಿದ್ಲು, ಅದೂ ನಿಂತೋಯ್ತು. ದುಡ್ಡು ಹಾಳಾಗೋಗ್ಲಿ, ಸೋಪು ಎಣ್ಣೆ ಇಲ್ದಿದ್ರೆ ಸಾಯಲ್ಲ ನಾನು. ಅಮ್ಮ ಇದಾಳಾ, ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ನಾಯಂಡಹಳ್ಳೀಲಿ ಅಕ್ಕನ ಮನೆ ಇದೆ. ಮೆಟ್ರೋ ಸ್ಟೇಷನ್ ಹಿಂದೆ ಟೈಲ್ಸ್ ಗೋಡೌನು, ಅದರ ಪಕ್ಕದ ಹಸಿರು ಗೇಟು. ಅಮ್ಮನ ಹೆಸರು ಶಿವಗಂಗಮ್ಮ. ಕಾಗದ ಬರೆದ್ರೆ ಆ ಮನೇಲಿ ಹರಿದು ಹಾಕ್ತಾರೆ. ಒಂದ್ಸಲ ನೋಡ್ಕೊಂಡು ಬರ್ತೀರಾ ಅಕ್ಕ?"

"ಏನು ಮಾಡಿ ಒಳಗೆ ಹೋದ್ಯಪ್ಪ?"

"ತಪ್ಪು ಮಾಡಿದೀನಿ ಅಕ್ಕ" ಎಂದ. ಎಂಥ ತಪ್ಪು ಎಂದು ಹೇಳಲಿಲ್ಲ.

"ನೋಡ್ಕೊಂಡು ಬರ್ತೀನಿ, ಮುಂದಿನ ಭಾನುವಾರ ಮಾಡು" ಎಂದಳು ಲತಾ. ಕರೆ ತಾನಾಗಿಯೇ ನಿಂತಿತು.

ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಜೈಲಿನವನ ಜೊತೆ ನಿನಗೇನು ಮಾತು ಎಂದು ಮೈ ಪರಚಿಕೊಳ್ಳುತ್ತಿದ್ದ. ಬುಧವಾರ ಸುಮನಹಳ್ಳಿಯಿಂದ ರಿಂಗ್ ರೋಡಿನ ಬಸ್ಸು ಹತ್ತಿ, ಆಧಾರ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡು ನಾಯಂಡಹಳ್ಳಿಯಲ್ಲಿ ಇಳಿದಳು. ಹಸಿರು ಗೇಟು ಸಿಕ್ಕಿತು. ಒಳಗೆ ಹಜಾರದ ಗೋಡೆಯ ಮೇಲೆ ಒಬ್ಬ ಹುಡುಗನ ಫೋಟೋಗೆ ಹೂವಿನ ಹಾರ ಹಾಕಿದ್ದರು. ಮೆಟ್ಟಿಲ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಮುದುಕಿಯನ್ನು "ಶಿವಗಂಗಮ್ಮ ಅಂದ್ರೆ ನೀವೇನಮ್ಮ? ನಿಮ್ಮ ಹಳೇ ಫೋನ್ ನಂಬರ್ ಈಗ ನನ್ನ ಹತ್ರ ಇದೆ" ಎಂದು ಮೆಲ್ಲಗೆ ಕೇಳಿದಳು.

ಮುದುಕಿಯ ಕೈಯಿಂದ ಹತ್ತಿ ಬಿತ್ತು. ಒಳಗೊಮ್ಮೆ ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಲತಾಳ ಕೈ ಹಿಡಿದು ಹಾಲಿನ ಬೂತಿನವರೆಗೂ ಎಳೆದುಕೊಂಡು ಹೋದಳು.

"ಹೆಂಗದಾನವ್ವ?" ಎಂದಳು, ಏದುಸಿರಿನಲ್ಲೇ.

ಚೆನ್ನಾಗಿದ್ದಾನೆ ಎಂದಳು ಲತಾ. ಮತ್ತೇನು ಹೇಳುವುದು? ನೀವು ಇದ್ದೀರೋ ಇಲ್ಲವೋ ಎಂದು ಕೇಳುತ್ತಿದ್ದಾನೆ ಎಂದಳು.

ಶಿವಗಂಗಮ್ಮ ಹೇಳಿದ್ದು ಇಷ್ಟು. ಫೋಟೋದ ಹುಡುಗ ಅಳಿಯ ಸಂಪತ್ತನ ತಮ್ಮ. ಗೋಡೌನಿನಲ್ಲಿ ಏನೋ ಮಾತಿಗೆ ಮಾತು ಬೆಳೆದು ಕೊಟ್ರೇಶ ಕಬ್ಬಿಣದ ರಾಡಿನಲ್ಲಿ ಹೊಡೆದಿದ್ದ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹುಡುಗ ಹೋಗಿಬಿಟ್ಟ. ಆಮೇಲೆ ಇವಳು ಕೆಂಗೇರಿಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದು, ಮನೆಗೆಲಸ ಮಾಡಿ ಮಗನಿಗೆ ದುಡ್ಡು ಕಳಿಸುತ್ತಿದ್ದಳು. ಸೊಂಟ ಬಿದ್ದುಹೋದ ಮೇಲೆ ಸಂಪತ್ತೇ ಬಂದು ಕರೆದುಕೊಂಡು ಬಂದ. ಒಂದೇ ಮಾತು ಕೇಳಿದ, ಈ ಮನೆಯಲ್ಲಿ ಅವನ ಹೆಸರು ಬರಬಾರದು. ಇವಳು ಆ ಫೋಟೋ ಮುಂದೆ ನಿಂತು ಆಣೆ ಮಾಡಿದಳು, ಸಿಮ್ಮನ್ನು ಕೈಯಾರೆ ವೃಷಭಾವತಿ ಮೋರಿಗೆ ಎಸೆದಳು.

"ಅಳಿಯಂದು ತಪ್ಪು ಅನ್ನಂಗಿಲ್ಲವ್ವ. ಅವನ ತಮ್ಮನ್ನ ನನ್ನ ಮಗ ಕೊಂದಾನ. ಅವನ ಮನ್ಯಾಗೇ ಅನ್ನ ತಿಂತೀನಿ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಸತ್ತೀನಿ ಅಂತ ಹೇಳಿಬಿಡು. ದಾರಿ ನೋಡೋದು ಬಿಡ್ತಾನ."

ಲತಾ ಕೈ ಬಿಡಿಸಿಕೊಂಡಳು. "ಬದುಕಿರೋರನ್ನ ಸತ್ತೋದ್ರು ಅಂತ ಹೆಂಗಮ್ಮ ಹೇಳ್ಲಿ? ನನ್ನ ಬಾಯಲ್ಲಿ ಬರಲ್ಲ" ಎಂದು ಬಸ್ ಸ್ಟಾಪಿನ ಕಡೆಗೆ ನಡೆದಳು. ಬಸ್ಸು ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಶಿವಗಂಗಮ್ಮ ಬರಿಗಾಲಿನಲ್ಲಿ ಕುಂಟಿಕೊಂಡು ಬಂದಿದ್ದಳು.

"ಫೋನು ಎಷ್ಟು ಗಂಟೆಗೆ ಬರ್ತದ?"

ಭಾನುವಾರ ಹತ್ತು ಗಂಟೆಗೇ ಬಂದಳು. ಬ್ಲೌಸ್ ಹೊಲಿಸಿಕೊಂಡು ಬರುತ್ತೇನೆಂದು ಮಗಳಿಗೆ ಹೇಳಿ ಬಂದಿದ್ದಳಂತೆ. ಆಧಾರ್ ಕಾರ್ಡು ಅಳಿಯನ ಬೀರುವಿನಲ್ಲಿ ಇರುವುದರಿಂದ ಬಸ್ಸಿಗೆ ದುಡ್ಡು ಕೊಟ್ಟೇ ಬಂದಿದ್ದಳು. ಸೆರಗಿನ ಗಂಟಿನಲ್ಲಿ ಹೂಬತ್ತಿ ಮಾರಿ ಕೂಡಿಸಿದ ಮುನ್ನೂರು ರೂಪಾಯಿ ಇತ್ತು. ಮಗ ಫೋನಿನಲ್ಲಿ ಸಿಕ್ಕ ಮೇಲೆ ಆ ದುಡ್ಡನ್ನು ಲತಾಳ ಹೆಸರಿನಲ್ಲಿ ಕಳಿಸಬೇಕು. ತನ್ನ ಹೆಸರಿನಲ್ಲಿ ಕಳಿಸಿದರೆ ದುಡ್ಡು ಮುಟ್ಟಿದ ಚೀಟಿ ಅಳಿಯನ ಮನೆಗೆ ಬರುತ್ತದೆ.

ಲತಾ ಫೋನನ್ನು ಮಿಷನ್ನಿನ ಮೇಲೆ ಇಟ್ಟಳು. ಮುದುಕಿ ಅದರ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಾಳೆ, ಐದೇ ನಿಮಿಷ ಅಲ್ಲವೇ. ಮೊದಲು ಕೊಟ್ರಾ ಎನ್ನಬೇಕು, ಅಳಬಾರದು, ಅತ್ತರೆ ಒಂದು ನಿಮಿಷ ದಂಡ. ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಸಾಲದ ಕಂಪನಿಯೊಂದರ ಫೋನ್ ಬಂದಾಗ ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಹನ್ನೆರಡಾಯಿತು.

"ರಶ್ ಇರಬೇಕಮ್ಮ ಅಲ್ಲಿ" ಎಂದಳು ಲತಾ.

"ಇರ್ತದವ್ವ. ಮಂದಿ ಬಾಳ ಇರ್ತಾರ" ಎಂದಳು ಶಿವಗಂಗಮ್ಮ.

ಒಂದು ಗಂಟೆಗೆ ಅರುಣ ಒಳಗಿನಿಂದ ಎರಡು ಲೋಟ ಕಾಫಿ ಹಿಡಿದು ಬಂದ. ಹೊಸ ಗಿರಾಕಿ ಎಂದುಕೊಂಡು ಮುದುಕಿಗೂ ಕೊಟ್ಟ. "ಬೆಳಗ್ಗಿಂದ ಆ ಫೋನನ್ನೇ ನೋಡ್ತಾ ಕೂತಿದೀಯಲ್ಲೇ? ಜೈಲಿಂದ ಬರುತ್ತೆ ಅಂತ ಭಯಾನಾ? ಇನ್ನು ಬರಲ್ಲ, ನೆಮ್ಮದಿಯಾಗಿರು." ಜೇಬಿನಿಂದ ಕಂದು ಲಕೋಟೆ ತೆಗೆದ. ಮುಖ ಊರಗಲ ಆಗಿತ್ತು. "ನಿನ್ನೆ ಬಂತು. ಊಟಕ್ಕೆ ಕೂತಾಗ ಹೇಳೋಣ ಅಂತಿದ್ದೆ. ಹನ್ನೆರಡು ವರ್ಷಕ್ಕೆ ಮೊದಲನೇ ಉತ್ತರ ಕಣೇ!"

ಲತಾ ಬೇಡ ಎನ್ನುವಷ್ಟರಲ್ಲಿ ಓದಲು ಶುರುಮಾಡಿಬಿಟ್ಟಿದ್ದ. "ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ದೂರವಾಣಿ ಸಂಖ್ಯೆಯನ್ನು ಬಂದಿ ಕೊಟ್ರೇಶ್ ಇವರ ಕರೆ ಪಟ್ಟಿಯಿಂದ ತೆಗೆದುಹಾಕಲಾಗಿದೆ. ತಮ್ಮ ಅರ್ಜಿಯನ್ನು ಸದರಿ ಬಂದಿಗೆ ಓದಿ ಹೇಳಿ ತಿಳುವಳಿಕೆ ನೀಡಲಾಗಿದೆ."

ಶಿವಗಂಗಮ್ಮ ಲೋಟವನ್ನು ಕೆಳಗಿಟ್ಟಳು.

"ಅರ್ಜ್ಯಾಗ ಏನಂತ ಬರೆದಿದ್ದೀರಿ?" ಎಂದು ಕೇಳಿದಳು.

ಅರುಣನಿಗೆ ಈ ಮುದುಕಿಗೆ ಯಾಕೆ ಬೇಕು ಇದು ಎನ್ನಿಸಿತೋ ಏನೋ, ಆದರೂ ಅವನ ಅರ್ಜಿಯ ಬಗ್ಗೆ ಈವರೆಗೆ ಯಾರೂ ವಿಚಾರಿಸಿರಲಿಲ್ಲ. ನೀಲಿ ಫೈಲು ತಂದು ಜೆರಾಕ್ಸ್ ತೆಗೆದು ಓದಿದ. "ಸದರಿ ಬಂದಿಯು ಕೇಳುವ ಆತನ ತಾಯಿಯು ಇರುವುದಿಲ್ಲ."

ಲತಾ ಬಗ್ಗಿ ಜೆರಾಕ್ಸ್ ನೋಡಿದಳು. ಆ ಸಾಲಿನ ಕೆಳಗೆ ತನ್ನದೇ ಸಹಿ ಇತ್ತು. ನೋಡಿಕೊಂಡು ಬಂದು ಹೇಳುತ್ತೇನೆ ಎಂದವಳು ಅವಳೇ, ಹೇಳಿದ ವಾರದೊಳಗೆ ಅವನ ಕೈಗೆ ಸಿಕ್ಕಿದ ಉತ್ತರ ಇದು.

"ಹಿಂಗ ಓದಿ ಹೇಳ್ಯಾರೇನು ಅವಂಗ?" ಎಂದಳು ಶಿವಗಂಗಮ್ಮ. ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಹಂಗಾದ್ರ ನಾ ಸತ್ತೆ."

"ರೀ, ಇವರೇ ಅವನ ತಾಯಿ" ಎಂದಳು ಲತಾ.

ಅರುಣ ಕಾಗದ ಹಿಡಿದುಕೊಂಡು ನಿಂತೇ ಇದ್ದ. ಪಾಪ, ಕೆಟ್ಟವನಲ್ಲ ಅವನು. "ಈ ನಂಬರಲ್ಲಿ ಇರೋದಿಲ್ಲ ಅಂತ ಅರ್ಥ ಅಮ್ಮ ಅದು, ತೀರ್ಕೊಂಡ್ರು ಅಂತಲ್ಲ" ಎಂದು ಮೂರು ಸಲ ಹೇಳಿದ. ಆ ಅರ್ಥವನ್ನು ಯಾರಿಗೆ ಹೇಳಬೇಕಿತ್ತೋ ಅವನು ರಾತ್ರಿಯಿಡೀ ಬಸ್ಸಿನಲ್ಲಿ ಹೋದರೆ ಸಿಗುವ ಊರಿನ ಗೋಡೆಯೊಳಗಿದ್ದ. ಅಲ್ಲಿಗೆ ಹೋಗಿ ನೋಡಬೇಕಾದರೂ ಆಧಾರ್ ಬೇಕು, ಸಂಬಂಧಿಕರಾಗಿರಬೇಕು. ಆಧಾರ್ ಬೀರುವಿನಲ್ಲಿತ್ತು, ಬೀರುವಿನ ಎದುರು ಆ ಫೋಟೋ ಇತ್ತು.

ಅರುಣ ಅಂದೇ ಕೂತು ಇನ್ನೊಂದು ಅರ್ಜಿ ಬರೆದ. ನಂಬರನ್ನು ಮತ್ತೆ ಸೇರಿಸಬೇಕು, ಸದರಿ ಬಂದಿಯ ತಾಯಿಯು ಜೀವಂತ ಇರುತ್ತಾರೆ, ಇದನ್ನೂ ಓದಿ ಹೇಳಬೇಕು ಎಂದು. ಹದಿನೈದು ದಿನ ಬಿಟ್ಟು ಮತ್ತೊಂದು ಬರೆದ. ಅವುಗಳ ಜೆರಾಕ್ಸೂ ನೀಲಿ ಫೈಲು ಸೇರಿತು. ಉತ್ತರ ಬಂದಿಲ್ಲ.

ಲತಾ ಎರಡು ಕಾಗದ ಬರೆದು ಹಾಕಿದಳು. ಅವು ತಲುಪಿದವೋ, ಯಾವ ಮೇಜಿನ ಮೇಲೆ ಕೂತವೋ ಯಾರಿಗೆ ಗೊತ್ತು. ಪೋಸ್ಟಾಫೀಸಿಗೆ ಹೋಗಿ ಆ ಮುನ್ನೂರು ರೂಪಾಯಿಯನ್ನು ಮನಿ ಆರ್ಡರ್ ಮಾಡಿದಳು. ಫಾರಂನಲ್ಲಿ ಸಂದೇಶಕ್ಕೆ ಎಂದು ಎರಡು ಬೆರಳಿನಷ್ಟು ಜಾಗವಿತ್ತು. ಬಹಳ ಹೊತ್ತು ಪೆನ್ನು ಹಿಡಿದು ನಿಂತು, ದೊಡ್ಡ ಅಕ್ಷರದಲ್ಲಿ "ಅಮ್ಮ ಇದ್ದಾರೆ" ಎಂದು ಬರೆದಳು.

ಇಪ್ಪತ್ತು ದಿನಕ್ಕೆ ದುಡ್ಡು ವಾಪಸು ಬಂತು. ಜೊತೆಗಿದ್ದ ಚೀಟಿಯಲ್ಲಿ ಯಾರೋ ಕೆಂಪು ಇಂಕಿನಲ್ಲಿ ಬರೆದಿದ್ದರು. "ಸ್ವೀಕರಿಸಿಲ್ಲ. ಕಳುಹಿಸಿದವರು ಬಂದಿಗೆ ಸಂಬಂಧವಿಲ್ಲವೆಂದು ತಾವೇ ಬರೆದುಕೊಟ್ಟಿರುತ್ತಾರೆ." ಲತಾ ಅದನ್ನು ನಾಲ್ಕು ಸಲ ಓದಿದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದೇ ಅವಳಿಗೆ ತಿಳಿಯಲಿಲ್ಲ. ಚೀಟಿಯನ್ನೂ ನೋಟುಗಳನ್ನೂ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಕೆಳಗೆ ಇಟ್ಟಳು.

ಆ ಭಾನುವಾರ ಶಿವಗಂಗಮ್ಮ ಹೊಲಿದಿಟ್ಟ ಬ್ಲೌಸ್ ತೆಗೆದುಕೊಂಡು ಹೋಗಲು ಬಂದಳು. ಕೈಯಲ್ಲಿ ಇನ್ನೊಂದು ಬ್ಲೌಸ್ ಪೀಸು ಇತ್ತು, ಮುಂದಿನ ತಿಂಗಳು ಬರಲು ನೆಪ ಬೇಕಲ್ಲ. ಸ್ಟೂಲಿನ ಮೇಲೆ ಕೂತು ಸೊಂಟ ನೀವಿಕೊಂಡಳು.

"ದುಡ್ಡು ಮುಟ್ಟಿತೇನವ್ವ?"

ಬದುಕಿರುವವರನ್ನು ಸತ್ತರು ಎನ್ನಲು ಬಾಯಿ ಬರುವುದಿಲ್ಲ ಎಂದು ಹಾಲಿನ ಬೂತಿನ ಮುಂದೆ ದೊಡ್ಡದಾಗಿ ಹೇಳಿದ್ದವಳು ಲತಾ.

"ಮುಟ್ಟಿತಮ್ಮ" ಎಂದಳು.

"ನಾ ಅದೀನಿ ಅಂತ ಬರೆದಿದ್ದೇನು? ಅದನ್ನ ಓದಿಕೊಂಡಾನೇನು?"

"ಓದ್ಕೊಂಡಿದಾನಂತೆ. ಸೈನ್ ಮಾಡಿದ ಚೀಟಿ ಬಂತು."

ಮುದುಕಿಯ ಮುಖದಲ್ಲಿ ಏನೋ ಸಡಿಲವಾಯಿತು. ಚೀಟಿ ತೋರಿಸು ಎನ್ನುತ್ತಾಳೇನೋ ಎಂದು ಲತಾ ಡ್ರಾಯರಿಗೆ ಮೊಣಕಾಲು ಒತ್ತಿ ಕೂತಳು. ಅವಳು ಕೇಳಲಿಲ್ಲ. ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ, ಮಡಿಸಿ ಮಡಿಸಿ ಚಿಕ್ಕದಾಗಿದ್ದ ನೋಟುಗಳನ್ನು ಮಿಷನ್ನಿನ ಮೇಲೆ ಒಂದೊಂದಾಗಿ ಸಪಾಟು ಮಾಡಿ ಇಟ್ಟಳು.

"ಈ ತಿಂಗಳದ್ದು" ಎಂದಳು. "ಇದರಾಗೂ ಹಂಗೇ ಬರಿ. ಅಮ್ಮ ಅದಾಳ ಅಂತ."

ಬರೀತೀನಮ್ಮ ಎಂದು ಲತಾ ದುಡ್ಡು ತೆಗೆದುಕೊಂಡಳು. ಡ್ರಾಯರನ್ನು ಸ್ವಲ್ಪವೇ ತೆರೆದು, ಮುದುಕಿಗೆ ಒಳಗಿನದು ಕಾಣದ ಹಾಗೆ ಕೈ ಅಡ್ಡ ಹಿಡಿದು ಹಾಕಿದಳು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಫೋನ್ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಶಿವಗಂಗಮ್ಮ ಸ್ಟೂಲನ್ನು ಮಿಷನ್ನಿನ ಹತ್ತಿರಕ್ಕೆ ಎಳೆದುಕೊಂಡಳು, ಲತಾ ಫೋನನ್ನು ಅವಳ ಎದುರಿಗೆ ಇಟ್ಟು ಹೊಲಿಯಲು ಕೂತಳು.