ಕಾಲು ಬಂದ ಕಲ್ಲು

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬಿಳಿ ಕಲ್ಲು ಕತ್ತೆಕಿರುಬದ ಗವಿಯಿಂದ ಮೂವತ್ತೊಂದು ಮೀಟರ್ ದೂರದಲ್ಲಿತ್ತು. ಹನ್ನೊಂದು ದಿನಗಳ ಹಿಂದೆ ನಾನೇ ನಿಂತು ಅದನ್ನು ಐವತ್ತು ಮೀಟರಿಗೆ ಇಡಿಸಿದ್ದೆ. ಇಬ್ಬರು ಕೂಡಿ ಉರುಳಿಸಬೇಕಾದಷ್ಟು ಭಾರದ ಕಲ್ಲು. ಗಾಳಿಗೆ ಹೋಗುವಂಥದ್ದಲ್ಲ, ಮಳೆಯಂತೂ ಬಂದೇ ಇರಲಿಲ್ಲ. ಗವಿಯ ಹತ್ತಿರ ಸುಳಿಯಬಾರದೆಂದು ದಾರಿ ಬದಿಯ ಒಂದು ಮರದ ಬುಡವನ್ನು ಗುರುತು ಮಾಡಿಕೊಂಡಿದ್ದೆ. ಅಲ್ಲಿಂದ ಕಲ್ಲಿನವರೆಗೆ ಅಳೆದು ಗವಿಯ ದೂರ ಲೆಕ್ಕ ಹಾಕುತ್ತಿದ್ದೆ. ಎರಡು ಸಲ ಅಳೆದೆ. ಎರಡು ಸಲವೂ ಮೂವತ್ತೊಂದೇ ಬಂತು.

ಏಳು ಊರಿನವರು ತಮ್ಮ ಮೇವಿನ ಬಯಲುಗಳನ್ನು ಒಟ್ಟು ಸೇರಿಸಿ, ತಾವೇ ಕಾಯುತ್ತೇವೆಂದು ಒಪ್ಪಿ ಬಿಟ್ಟ ಕಾಡು ನಮ್ಮದು. ಸಫಾರಿಯ ಟಿಕೆಟ್ಟಿನಿಂದಲೇ ಕಾವಲುಗಾರರು, ನೀರಿನ ಪಂಪು, ಆರೋಗ್ಯ ಕೇಂದ್ರದ ನರ್ಸು. ಪ್ರಾಣಿಗಳ ದಾಖಲೆ ಇಡುವ ಕೆಲಸ ನನ್ನದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದಕ್ಕೆ ಕೆಲಸ ಸಿಕ್ಕಿತು. ಸದಾ ಸೊಂಟದಲ್ಲಿ ಅಳತೆ ಟೇಪು ಸಿಕ್ಕಿಸಿಕೊಂಡಿರುವುದಕ್ಕೆ ಚಾಲಕರಿಂದ ‘ಟೇಪಕ್ಕ’ ಎಂಬ ಹೆಸರೂ ಸಿಕ್ಕಿತು.

ಕಳೆದ ವರ್ಷ ಇದೇ ಕತ್ತೆಕಿರುಬ ಮೂರು ಮರಿ ಹಾಕಿತ್ತು. ಗಾಡಿಗಳು ಗವಿಯ ಬಾಯಿಗೇ ಹೋಗಿ ನಿಂತವು. ಹದಿನೈದು ದಿನಗಳಲ್ಲಿ ಅದು ನಾಲ್ಕು ಸಲ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸಿತು. ನಾಲ್ಕನೆಯ ಜಾಗ ತಲುಪುವಾಗ ಉಳಿದದ್ದು ಒಂದೇ ಮರಿ. ವಾರದ ಮೇಲೆ ಅದೂ ಇರಲಿಲ್ಲ. ಈ ವರ್ಷ ಎರಡು ಮರಿ, ಇನ್ನೂ ತಿಂಗಳು ತುಂಬಿರಲಿಲ್ಲ. ಇವೆರಡನ್ನಾದರೂ ಉಳಿಸಿಕೊಳ್ಳಬೇಕೆಂದೇ, ಗಾಡಿಗಳು ದಾಟಬಾರದ ಗೆರೆಯಾಗಿ, ಆ ಕಲ್ಲು.

ಗಾಡಿ ನಿಲ್ಲಿಸುವ ಚಪ್ಪರದಲ್ಲಿ ಭಾವ ಜೀಪಿನ ಗಾಜು ಒರೆಸುತ್ತಿದ್ದರು. ಅಕ್ಕನ ಗಂಡ, ನಮ್ಮ ಐವರು ಚಾಲಕರಲ್ಲಿ ಹಿರಿಯರು.

“ಏನಮ್ಮಾ ಟೇಪಕ್ಕ, ಬೆಳಿಗ್ಗೆ ಬೆಳಿಗ್ಗೆ ಮುಖ ಯಾಕೆ ಹಾಗಾಗಿದೆ?”

“ಭಾವ, ಕಲ್ಲು ಹತ್ತೊಂಬತ್ತು ಮೀಟರ್ ಮುಂದೆ ಹೋಗಿದೆ.”

“ಹೌದಾ? ಪರವಾಗಿಲ್ವೇ! ಕಲ್ಲಿಗೂ ಕಾಲು ಬಂತು ಅನ್ನು.”

“ತಮಾಷೆ ಬೇಡ. ಯಾರು ಸರಿಸಿದ್ದು?”

“ನೋಡು, ನಾನಂತೂ ನೀನು ಹಾಕಿದ ಗೆರೆ ದಾಟೋನಲ್ಲ. ಕಲ್ಲಿನ ಹತ್ರ ನಿಲ್ಲಿಸ್ತೀನಿ, ಕಲ್ಲು ದಾಟಲ್ಲ. ನಿನ್ನ ಅಕ್ಕನ ಆಣೆ.”

“ಅಕ್ಕನ್ನ ಬಿಡಿ. ಕಲ್ಲನ್ನ ಮುಟ್ಟಿದ್ರಾ ಇಲ್ವಾ?”

ಭಾವ ಒದ್ದೆ ಬಟ್ಟೆಯನ್ನು ಎರಡು ಸಲ ಹಿಂಡಿದರು. “ಒಂದೇ ಒಂದ್ಸಲ. ಚಕ್ರಕ್ಕೆ ಸಿಗ್ತಿತ್ತು ಕಣಮ್ಮಾ. ಒಂಚೂರು ಸರಿಸ್ದೆ.”

“ಮುಂದಕ್ಕಾ, ಹಿಂದಕ್ಕಾ?”

“ಹಿಂದಕ್ಕೆ ಸರಿಸಿದ್ರೆ ಗಾಡಿ ಹೇಗೆ ಮುಂದೆ ಹೋಗುತ್ತೆ?”

ಉಳಿದ ನಾಲ್ವರನ್ನೂ ಕೇಳಿದೆ. ಎಲ್ಲರೂ ಒಂದೊಂದು ಸಲ, ಎಲ್ಲರೂ ಒಂಚೂರು. ಯಾರೂ ಕಲ್ಲು ದಾಟಿದವರಲ್ಲ. ಒಂದು ‘ಒಂಚೂರಿ’ಗೆ ಮೂರು ಮೀಟರ್ ಎಂದು ಹಿಡಿದರೂ ಐವರಿಂದ ಹದಿನೈದಾಯಿತು. ಉಳಿದ ನಾಲ್ಕು ಮೀಟರಿನ ಸುಳಿವು ನಮ್ಮ ಏಳೂರಿನ ಸಂಘದ ಕಚೇರಿಯಲ್ಲಿ ಸಿಕ್ಕಿತು.

ಕಚೇರಿಯೆಂದರೆ ಒಂದು ಕೋಣೆ, ಬಾಗಿಲು ಸರಿಯಾಗಿ ಮುಚ್ಚದ ತಗಡಿನ ಬೀರು, ಮೂಲೆ ಸುರುಳಿಯಾದ ನಕ್ಷೆ. ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ಸಂಘದ ಅಧ್ಯಕ್ಷೆ. ಪಾಸುಗಳಿಗೆ ಮುದ್ರೆ ಒತ್ತುತ್ತ ಕೂತಿದ್ದರು. ನಾನು ಪೂರ್ತಿ ಹೇಳುವವರೆಗೆ ಒತ್ತುತ್ತಲೇ ಇದ್ದರು.

“ಅದಾ? ಅದು ನಾನೇ,” ಎಂದರು. “ಮೊನ್ನೆ ಒಬ್ಬರು ಅಜ್ಜಿ ಬಂದಿದ್ರಲ್ಲ, ಕನ್ನಡಕ ಇಷ್ಟು ದಪ್ಪ. ಅಷ್ಟು ದೂರದಿಂದ ಬಂದವರಿಗೆ ಬರೀ ಕಲ್ಲು ತೋರಿಸಿ ಕಳಿಸೋಕಾಗುತ್ತಾ? ಡ್ರೈವರ್‌ಗೆ ಹೇಳಿ ನಾನೇ ಸರಿಸಿದೆ.”

“ದೊಡ್ಡಮ್ಮ, ನಿಯಮಕ್ಕೆ ಸಹಿ ಹಾಕಿದವರೇ ನೀವು!”

“ಏನಂತ ಸಹಿ ಹಾಕಿದೀನಿ? ಓದು. ‘ಯಾವುದೇ ವಾಹನ ಬಿಳಿ ಕಲ್ಲನ್ನು ದಾಟತಕ್ಕದ್ದಲ್ಲ.’ ಮೀಟರ್ ಅಂತ ಎಲ್ಲಿದೆ ತೋರಿಸು.”

ಎಲ್ಲಿಯೂ ಇರಲಿಲ್ಲ. ಆ ವಾಕ್ಯ ಬರೆದವಳು ನಾನೇ. ಎಲ್ಲರಿಗೂ ಸುಲಭವಾಗಿ ಅರ್ಥವಾಗಲಿ ಎಂದು ಅಂಕಿ ತೆಗೆದುಹಾಕಿದ್ದೆ.

ಹೋದ ವರ್ಷದ ಮೂರು ಮರಿಗಳ ಕತೆಯನ್ನು ಮತ್ತೊಮ್ಮೆ ಹೇಳಿದೆ. ಇನ್ನೊಂದು ತಿಂಗಳು ಅಲುಗಾಡದೆ ಒಂದೇ ಕಡೆ ಇದ್ದರೆ ಮರಿಗಳು ತಾಯಿಯ ಹಿಂದೆ ನಡೆಯುವಷ್ಟಾದರೂ ಗಟ್ಟಿಯಾಗುತ್ತವೆ ಎಂದೆ. ದೊಡ್ಡಮ್ಮ ಮುದ್ರೆ ಕೆಳಗಿಟ್ಟರು. ಅವರಿಗೆ ಪ್ರಾಣಿಗಳ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಮನುಷ್ಯರ ಮೇಲೆ ಇನ್ನೂ ಜಾಸ್ತಿ, ಅಷ್ಟೇ.

“ಸರಿ, ಈಗ ಏನಾಗಬೇಕು ಹೇಳು.”

“ಆ ಕಲ್ಲನ್ನ ಐವತ್ತು ಮೀಟರಿಗೆ ವಾಪಸ್ ಹಾಕಿಸಿ, ಯಾರೂ ಅಲುಗಾಡಿಸೋಕಾಗದ ಹಾಗೆ ಮಾಡಿ.”

“ಅಷ್ಟೇ ತಾನೇ?”

ಆ ‘ಅಷ್ಟೇ ತಾನೇ’ ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಶನಿವಾರ ವರದಿ ಕೊಡಲು ಪಟ್ಟಣಕ್ಕೆ ಹೋಗಿದ್ದೆ. ಸಂಜೆ ಬಸ್ಸಿಳಿಯುತ್ತಲೇ ದೊಡ್ಡಮ್ಮ ನನ್ನನ್ನು ಜೀಪು ಹತ್ತಿಸಿಕೊಂಡು ಹೋಗಿ ತೋರಿಸಿದರು. ಕಲ್ಲಿನ ಸುತ್ತ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ. ಹೊಸ ಬಿಳಿ ಬಣ್ಣ. ಕೆಂಪು ಅಕ್ಷರದಲ್ಲಿ ‘ದಯವಿಟ್ಟು ಇಲ್ಲಿಯೇ ನಿಲ್ಲಿಸಿ’.

“ಮೂರು ಜನ, ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ,” ಎಂದರು. “ಬಿಸಿಲಲ್ಲಿ ಪಾಪ, ಬೇಜಾರಾಗದಿರಲಿ ಅಂತ ಕಚೇರಿಯ ರೇಡಿಯೋನೂ ಕೊಟ್ಟು ಕಳಿಸಿದ್ದೆ. ಹಾರೆ ಹಾಕಿದ್ರೂ ಏಳಲ್ಲ ಈಗ. ಬೇಕಾದ್ರೆ ಅಳೆದು ನೋಡು, ಐವತ್ತಕ್ಕೆ ಒಂದಿಂಚೂ ಕಮ್ಮಿಯಿಲ್ಲ.”

“ಎಲ್ಲಿಂದ ಅಳೆದ್ರಿ?”

“ಎಲ್ಲಿಂದ ಅಂದ್ರೆ? ಗವಿಯಿಂದ! ಟೇಪಿನ ತುದಿ ಹಿಡ್ಕೊಂಡು ಒಬ್ಬನ್ನ ಗವಿ ಬಾಯಲ್ಲೇ ಕೂರಿಸಿದ್ದೆ. ನಿನ್ನ ಹಾಗೆ ಮರದಿಂದ ಕೂಡಿ ಕಳೆದು ಮಾಡೋ ಅಂದಾಜಲ್ಲ ಇದು.”

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ಕೊಯ್ಯುವ ಚಾಕು ಕೈಗಿತ್ತವಳು ನಾನೇ ಆಗಿದ್ದರಿಂದ ಯಾರನ್ನು ಬೈಯಲಿ?

ಭಾನುವಾರ ಬೆಳಿಗ್ಗೆ ಗವಿ ಖಾಲಿಯಾಗಿತ್ತು.

ಮೂರು ದಿನ ಹುಡುಕಿದೆ. ಒಣ ಹಳ್ಳ, ಬಂಡೆ ಸಾಲು, ಹಳೆಯ ಮುಳ್ಳುಹಂದಿ ಬಿಲಗಳು. ಎಲ್ಲೂ ಇಲ್ಲ. ಹೋದ ವರ್ಷದ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು: ಒಂದೊಂದು ಸಲ ಜಾಗ ಬಿಟ್ಟಾಗಲೂ ಎಷ್ಟು ಉಳಿದವು, ಎಷ್ಟು ಹೋದವು. ಇತ್ತ ಚಾಲಕರು ಮಾತ್ರ ಎಂದೂ ಇಲ್ಲದಷ್ಟು ಶಿಸ್ತಿನಿಂದ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸುತ್ತಿದ್ದರು, ಖಾಲಿ ಗವಿ ನೋಡಲು. ಕೇಳಿದರೆ ಭಾವ, “ನಿಲ್ಲಿಸಿ ಅಂತ ಬರೆದಿದೆಯಲ್ಲಮ್ಮಾ,” ಎಂದರು.

ಬುಧವಾರ ಬೆಳಿಗ್ಗೆ ಸೋತು ಗೇಟಿನ ಕಡೆ ನಡೆದು ಬರುವಾಗ ಮುಖ್ಯ ದಾರಿಯ ಮೋರಿಯ ಹತ್ತಿರ ಕೆಟ್ಟ ವಾಸನೆ ಬಂತು. ದಾರಿಯ ಅಡಿಯಲ್ಲಿ ಮಳೆನೀರು ಹಾಯಲೆಂದು ಹೂತ ಅಗಲವಾದ ಸಿಮೆಂಟು ಕೊಳವೆ, ಬೇಸಿಗೆಯಲ್ಲಿ ಒಣಗಿರುತ್ತದೆ. ಬಾಯಿಯ ಮುಂದೆ ಮೂಳೆ ತಿಂದ ಪ್ರಾಣಿಯ ಬಿಳೀ ಲದ್ದಿ. ಮೆತ್ತಗಿನ ಮಣ್ಣಿನಲ್ಲಿ ಹೆಜ್ಜೆ, ದೊಡ್ಡವು ಮತ್ತು ತೀರಾ ಸಣ್ಣವು. ಹಿಂದಕ್ಕೆ ಸರಿದು ಪೊದೆಯ ಮರೆಯಲ್ಲಿ ಕೂತೆ. ಅರ್ಧ ಗಂಟೆಯ ಮೇಲೆ ಕೊಳವೆಯ ಕತ್ತಲಿನಿಂದ ಎರಡು ಪುಟ್ಟ ಕಿವಿ ಹೊರಬಂದವು, ಅವುಗಳ ಹಿಂದೆ ಇನ್ನೆರಡು. ಅಷ್ಟರಲ್ಲಿ ಮೇಲೆ ಒಂದು ಜೀಪು ಧಡಧಡ ಹಾದುಹೋಯಿತು. ಕಿವಿಗಳು ಒಳಸೇರಿದವು, ಧೂಳು ಇಳಿಯುವ ಮೊದಲೇ ಮತ್ತೆ ಹೊರಬಂದವು.

ದೊಡ್ಡಮ್ಮನಿಗೆ ಫೋನು ಮಾಡಿದೆ. ಗೇಟಿನಿಂದ ಬೇಗ ಬೇಗ ನಡೆದು ಬಂದರು, ಪೊದೆಯ ಹಿಂದೆ ನನ್ನ ಪಕ್ಕ ಕೂತು ನೋಡಿದರು.

“ಎರಡೂ ಇವೆ ಕಣೇ.”

“ಎರಡೂ ಇವೆ.”

“ಈಗ ಎಲ್ಲಿಡ್ತೀಯಾ ನಿನ್ನ ಕಲ್ಲು?”

ನಾವು ಎದ್ದು ದಾರಿಗೆ ಬಂದೆವು. ನಡೆಯುತ್ತಲೇ ಲೆಕ್ಕ ಹೇಳಿದೆ. ಐದು ಗಾಡಿ, ದಿನಕ್ಕೆ ಎರಡು ಸುತ್ತು, ಹೋಗಿ ಬಂದು ಇಪ್ಪತ್ತು ಸಲ. ಭಾನುವಾರದಿಂದ ಮೂರು ದಿನಕ್ಕೆ ಅರವತ್ತು ಸಲ ಕತ್ತೆಕಿರುಬದ ತಲೆಯ ಮೇಲೆಯೇ ಗಾಡಿ ಹೋಗಿದೆ. ಅದು ಜಾಗ ಬಿಟ್ಟಿಲ್ಲ. ಯಾಕೆಂದರೆ ಇಲ್ಲಿ ಯಾರೂ ನಿಲ್ಲುವುದಿಲ್ಲ. ಗವಿಯ ಹತ್ತಿರ ಎಂಜಿನ್ ಆರಿಸಿ, ಇಳಿದು ಮಾತಾಡಿ, ಫೋಟೋ ತೆಗೆದು, ಒಬ್ಬೊಬ್ಬರು ಹತ್ತು ನಿಮಿಷ. ಎರಡು ವರ್ಷದಿಂದ ನಾನು ದೂರ ಅಳೆದಿದ್ದೆ. ಎಷ್ಟು ಹೊತ್ತು ನಿಂತರೆಂದು ಒಂದು ಸಲವೂ ಬರೆದುಕೊಂಡಿರಲಿಲ್ಲ.

“ಹಾಗಾದ್ರೆ ದಾರಿ ಮುಚ್ಚೋದು ಬೇಡ?”

“ಬೇಡ. ಇರೋದು ಇದೊಂದೇ ದಾರಿ, ಇದನ್ನ ಮುಚ್ಚಿದ್ರೆ ಸಫಾರಿನೇ ಮುಚ್ಚಿದ ಹಾಗೆ. ಹೋಗೋರು ಸುಮ್ಮನೆ ಹೋಗ್ತಾ ಇರಲಿ. ಆದರೆ ಇಲ್ಲಿ ಮರಿ ಇವೆ ಅಂತ ಒಬ್ಬ ಡ್ರೈವರ್‌ಗೆ ಗೊತ್ತಾದ್ರೂ ಮುಗೀತು. ಭಾವಂಗೂ ಹೇಳಬಾರದು.”

ದೊಡ್ಡಮ್ಮ ನಿಂತುಬಿಟ್ಟರು. “ಅಲ್ಲ ಕಣೇ, ನನ್ನ ಬಾಯಲ್ಲಿ ಎಳ್ಳು ಕಾಳೂ ನೆನೆಯಲ್ಲ ಅಂತ ಊರಿಗೇ ಗೊತ್ತು. ನನಗ್ಯಾಕೆ ಹೇಳೋಕೆ ಬಂದೆ?”

“ಹೇಳದಿದ್ರೆ ನಾಳೆ ವಾಸನೆ ಬರ್ತಿದೆ ಅಂತ ಮೋರಿ ತೊಳೆಸೋಕೆ ಮೂರು ಜನನ್ನ ಕಳಿಸ್ತಿದ್ರಿ. ರೇಡಿಯೋ ಜೊತೆ.”

ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವನ ಜೀಪು ಬಂತು. ಹಿಂದೆ ಆರು ಜನ ಅತಿಥಿಗಳು. ನಮ್ಮನ್ನು ಕಂಡು ಭಾವ ಸರಿಯಾಗಿ ಮೋರಿಯ ಮೇಲೆಯೇ ವೇಗ ಇಳಿಸಿದರು.

“ಏನು ಅತ್ತೆ, ದಾರೀಲಿ ನಿಂತುಬಿಟ್ರಿ? ಏನಿದೆ ಇಲ್ಲಿ?”

ನಾನು ದೊಡ್ಡಮ್ಮನ ಮುಖ ನೋಡಿದೆ. ಅವರ ಗಂಟಲಿನವರೆಗೆ ಬಂದದ್ದು ನನಗೆ ಕಾಣುತ್ತಿತ್ತು.

“ಏನೋ ಸತ್ತು ಬಿದ್ದಿದೆ ಕಣಪ್ಪಾ,” ಎಂದರು. “ಮೂಗು ಮುಚ್ಕೊಂಡು ಹೋಗು, ನಿಲ್ಲಿಸ್ಬೇಡ.”

ಅತಿಥಿಗಳು ಆಗಲೇ ಕರವಸ್ತ್ರ ತೆಗೆದಿದ್ದರು. ಭಾವ ಮಾತ್ರ ಗೇರಿನ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. “ಹಾಗಿದ್ರೆ ಮಧ್ಯಾಹ್ನ ಇಬ್ರನ್ನ ಕಳಿಸಿ ತೆಗೆಸಿಬಿಡ್ತೀನಿ ಬಿಡಿ.”

“ಬೇಡ!” ದೊಡ್ಡಮ್ಮನ ದನಿಗೆ ಅತಿಥಿಯೊಬ್ಬರು ಬೆಚ್ಚಿದರು. “ಇವಳು... ಇವಳು ಮೋರಿ ಅಳೀತಿದಾಳೆ. ಅಳೆದು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಒಂದು ತಿಂಗಳು ಬೇಕಂತೆ.”

“ಒಂದು ಮೋರಿ ಅಳೆಯೋಕೆ ಒಂದು ತಿಂಗಳಾ?” ಭಾವ ನನ್ನನ್ನು ನೋಡಿದರು, ನನ್ನ ಸೊಂಟದ ಟೇಪು ನೋಡಿದರು. ಮುಖದಲ್ಲಿ ಸಂಶಯದ ಸುಳಿವೂ ಇರಲಿಲ್ಲ. “ನಿನ್ನ ಅಕ್ಕ ಪುಣ್ಯವಂತೆ ಕಣಮ್ಮಾ, ಮನೇಲಿ ಉಪ್ಪು ಖಾರಾನ ಅಂದಾಜಲ್ಲೇ ಹಾಕ್ತಾಳೆ.”

“ಹೊರಡಿ ಭಾವ.”

ಅವರು ಹೊರಟರು, ಆದರೆ ತಿರುವಿನ ತನಕ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತ ಹೋದರು. “ಅಳೆಯೇ ಬೇಗ, ನೋಡ್ತಾ ಇದಾನೆ,” ಎಂದು ದೊಡ್ಡಮ್ಮ ಮೊಣಕೈಯಿಂದ ತಿವಿದರು. ಬೇರೆ ದಾರಿಯಿರಲಿಲ್ಲ. ಸದ್ದಾಗದಂತೆ ಮೋರಿಯ ಮೇಲೆ ದಾರಿಯ ಅಂಚಿನಲ್ಲಿ ಕೂತು ಟೇಪು ಕೆಳಕ್ಕೆ ಬಿಟ್ಟೆ. ಗಾಡಿಯ ಚಕ್ರ ಉರುಳುವ ಮಣ್ಣಿನಿಂದ ಕೊಳವೆಯ ನೆತ್ತಿಯವರೆಗೆ ಎಂಬತ್ತೇಳು ಸೆಂಟಿಮೀಟರ್.