ಕೆನೆ ಒಡೆದ ಬೆಳಗು

ಮಳೆಗಾಲ ಕಳೆದು ಅಘನಾಶಿನಿ ಹೊಳೆ ತಿಳಿಯಾದ ಮೇಲೆ ಅಳಿವೆಯ ಕೆಸರಿನ ತುಂಬ ತೆಳ್ಳಗೆ ಕಂದು ಪಾಚಿ ಹಬ್ಬುತ್ತದೆ. ಒರೆಸಿದರೆ ಬೆರಳಿಗೆ ಬಣ್ಣ ಅಂಟೀತೇ ಹೊರತು ಎಳೆ, ಎಲೆ ಏನೂ ಕಣ್ಣಿಗೆ ಸಿಗದು. ಕೆಸರಿನಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರು ಅದನ್ನು ಕೆನೆ ಎನ್ನುತ್ತಾರೆ. ಕೆನೆ ಕಟ್ಟಿದರೆ ಬಳಚಿನ ಚಿಪ್ಪಿನೊಳಗೆ ಮಾಂಸ ತುಂಬುತ್ತದೆ. ಮುಂದಿನ ಮಳೆಗೆ ಕೆಂಪು ನೀರು ಬಂದ ದಿನ ಎಲ್ಲ ತೊಳೆದುಹೋಗುತ್ತದೆ.

ಯುದ್ಧದ ಆ ವರ್ಷ ಅಕ್ಕಿಗೆ ಕಂಟ್ರೋಲು ಬಂದಿತ್ತು. ಬೊಮ್ಮಿಯ ಗಂಡ ಸೋಮ ಆಷಾಢದಲ್ಲಿ ದೋಣಿ ಮಗುಚಿ ಸತ್ತಿದ್ದ. ವರ್ಷ ತುಂಬುವವರೆಗೆ ಅವಳು ಹೊಳೆಗೆ ಇಳಿಯಕೂಡದೆಂದು ಮೈದುನ ಮಾಬ್ಲ ಹೇಳಿದ.

"ಕದ್ದು ಹೋದ್ರೂ ಗೊತ್ತಾಗ್ತದೆ ಅತ್ತಿಗೆ. ಕೆನೆ ಮೇಲೆ ಕಾಲಿಟ್ರೆ ದಂಡೆಗೆಲ್ಲ ಕಾಣ್ತದೆ."

ಅದು ಸುಳ್ಳಲ್ಲ. ಹೆಜ್ಜೆ ಇಟ್ಟಲ್ಲಿ ಕಂದು ಒಡೆದು ಕಪ್ಪು ಕೆಸರು ಬಾಯಿ ತೆರೆಯುತ್ತದೆ. ಮತ್ತೆ ಉಬ್ಬರ ಬರುವವರೆಗೆ ಹಾಗೇ ಇರುತ್ತದೆ.

ಪಕ್ಕದ ಮನೆಯ ಕಮಲಿ ನಕ್ಕಳು. "ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬಾ ಮಾರಾಯ್ತಿ. ಕಮಲಿ ಪಾದ ದೊಡ್ಡದಾತು ಅಂದ್ಕೊಳ್ಲಿ."

ಮಂಜು ಕವಿದ ಮುಂಜಾವುಗಳಲ್ಲಿ ಬೊಮ್ಮಿ ಹಾಗೆಯೇ ಹೋದಳು. ಗೂಟ ನೆಟ್ಟು ಮನೆಮನೆಗೆ ಹಂಚಿದ ಕೆಸರಿನಲ್ಲಿ ಕಮಲಿಯ ಪಾಲಿನಲ್ಲೇ ಹೆಕ್ಕಿದಳು. ಹೊಟ್ಟೆಗೆ ಸಿಕ್ಕಿತು. ಆದರೆ ಇನ್ನೊಬ್ಬಳ ಹೆಜ್ಜೆಯ ಅಳತೆಗೆ ಸೊಂಟ ತಿರುಗಿಸಿ ನಡೆಯುವಾಗ, ಮುಳುಗಿದ ದೋಣಿಯಲ್ಲಿ ತಾನೂ ಇದ್ದೆನೇನೋ ಅನ್ನಿಸುತ್ತಿತ್ತು. ನಾಲ್ಕು ಗೂಟಗಳ ನಡುವೆ ಅವಳದೇ ಪಾಲು ನುಣ್ಣಗೆ ಹೊಳೆಯುತ್ತ ಬಿದ್ದಿತ್ತು.

ಸಂಕ್ರಾಂತಿಯ ಹಿಂದಿನ ಸಂಜೆ ಅತ್ತೆ ನಾಗು ಬಳಚು ಸುಲಿಯುತ್ತ, ತಲೆ ಎತ್ತದೆ ಹೇಳಿದಳು: "ನಾಳೆ ಇಳಿತಕ್ಕೆ ಮಾಬ್ಲ ಹಿರಿಯರನ್ನ ಕರ್ದಿದ್ದ. ನಿನ್ನ ಪಾಲು ತೋರಿಸ್ತನಂತೆ. ಕೆನೆ ಒಡೀಲಿಲ್ಲ, ಕಾಲಿಟ್ಟವ್ರಿಲ್ಲ, ನಂಗೆ ಕೊಡಿ ಅಂತ."

ಸಂಕ್ರಾಂತಿಯ ದಿನ ಹಿರಿಯರು ಒಪ್ಪಿಸುವವರೆಗೂ ಯಾರೂ ಇಳಿಯದ ಪಾಲು ಕೇಳಿದವರದು. ಇದು ಊರಿನ ಕಟ್ಟಳೆ. ಜೊತೆಗೆ ಕೂತು ಸುಲಿಯುತ್ತಿದ್ದ ಬೊಮ್ಮಿಗೆ ಅರ್ಥವಾಯಿತು. ಹೆಜ್ಜೆ ಬಚ್ಚಿಟ್ಟುಕೊಂಡು ತಾನೇ ಅವನಿಗೆ ಸಾಕ್ಷಿ ಒದಗಿಸಿದ್ದಳು.

"ಗಂಡ ಸತ್ತಾಗ ನಾನೂ ಒಂದು ವರ್ಷ ಒಳಗೆ ಕೂತಿದ್ದೆ," ಎಂದಳು ನಾಗು. "ಎದ್ದು ಬಂದಾಗ ನನ್ನ ಗೂಟ ಇರ್ಲಿಲ್ಲ." ಬುಟ್ಟಿಯಲ್ಲಿದ್ದ ಚಿಪ್ಪುಗಳನ್ನು ಸುರುವಿ, ಬರಿದಾದ ಬುಟ್ಟಿಯನ್ನು ಸೊಸೆಯ ಕಡೆ ತಳ್ಳಿದಳು.

ಮರುದಿನ ಬಿಸಿಲೇರಿದ ಮೇಲೆ ಹಿರಿಯರು ದಂಡೆಯ ಮೇಲೆ ನಿಂತಿದ್ದರು. ಮಾಬ್ಲ ಕೈ ಚಾಚಿ ತೋರಿಸುತ್ತಿದ್ದ. ಬೊಮ್ಮಿ ಬುಟ್ಟಿಯನ್ನು ಸೊಂಟಕ್ಕಿಟ್ಟು ಅವರ ನಡುವಿನಿಂದಲೇ ಹಾದು ಇಳಿದಳು.

"ಅತ್ತಿಗೆ, ಎಂತ ಮಾಡ್ತಿ? ವರ್ಷ ತುಂಬ್ಲಿಲ್ಲ!"

"ಹೊಟ್ಟೆನೂ ತುಂಬ್ಲಿಲ್ಲ ಮಾಬ್ಲ."

ತನ್ನ ಗೂಟ ದಾಟಿ ಮೊದಲ ಹೆಜ್ಜೆ ಇಟ್ಟಳು. ಹಿಮ್ಮಡಿ ಒತ್ತಿ, ಅವಸರವಿಲ್ಲದೆ, ಈ ಮೂಲೆಯಿಂದ ಆ ಮೂಲೆಗೆ ನಡೆದಳು. ಎಷ್ಟೋ ತಿಂಗಳ ಮೇಲೆ ಕಾಲು ತನ್ನದೇ ಅಳತೆಗೆ ಬೀಳುತ್ತಿತ್ತು. ಹಿಂದೆ ಕಪ್ಪು ಹೆಜ್ಜೆಗಳ ಸಾಲು ಎಲ್ಲರಿಗೂ ಕಾಣುತ್ತಿತ್ತು.

ಹಿರಿಯರಲ್ಲೊಬ್ಬ ಕೆಮ್ಮಿದ. "ಕೆನೆ ಒಡೀತಲ್ಲೋ. ಇನ್ನು ಎಂತ ಅಂತ ಕೇಳ್ತಿ ಮಾಬ್ಲ?"

"ಉಬ್ಬರಕ್ಕೆ ಎಲ್ಲ ಅಳಿಸ್ಹೋಗ್ತದೆ!" ಮಾಬ್ಲ ಕೂಗಿದ.

"ನಾಳೆ ಮತ್ತೆ ಬತ್ತೆ. ಕೆಂಪು ನೀರು ಬರೂವರೆಗೆ ದಿನಾ ಬತ್ತೆ," ಎಂದಳು ಬೊಮ್ಮಿ. "ನೋಡೂಕೆ ನೀನೂ ಬಾ."

ಬಗ್ಗಿ ಕೆಸರಿಗೆ ಕೈ ಹಾಕಿದಳು. ಮೊದಲು ಸಿಕ್ಕಿದ ಬಳಚು ಅಂಗೈಯಲ್ಲಿ ಭಾರವಾಗಿತ್ತು.