ಚೀಲ ಇದ್ದವರ ಹತ್ತಿರ ಮಗು

ಆರು ವರ್ಷದವಳಾಗಿದ್ದಾಗ ನಾನು ಅಮ್ಮನಿಗೆ ಒಂದು ಮಾತು ಕೊಟ್ಟಿದ್ದೆ. ಅವತ್ತು ಅಮ್ಮ, ಚಿಕ್ಕಮ್ಮ ಇಬ್ಬರೂ ನನ್ನನ್ನು ಬಟ್ಟೆ ಅಂಗಡಿಯಲ್ಲಿ ಮರೆತು ಹೋಗಿದ್ದರು. ನಾನು ಚಿಕ್ಕಮ್ಮನ ಕೈ ಹಿಡಿದಿದ್ದೇನೆ ಅಂತ ಅಮ್ಮ, ಅಮ್ಮನ ಕೈ ಹಿಡಿದಿದ್ದೇನೆ ಅಂತ ಚಿಕ್ಕಮ್ಮ. ಅಂಗಡಿಯವನು ಅರ್ಧ ಬಾಗಿಲು ಇಳಿಸಿ ನನ್ನನ್ನು ಬಟ್ಟೆಯ ಥಾನುಗಳ ಪಕ್ಕ ಕೂರಿಸಿದ್ದ. ಅಮ್ಮ ಏದುಸಿರು ಬಿಡುತ್ತ ಬಂದು ಎತ್ತಿಕೊಂಡಾಗ ನಾನು ಅಳಲಿಲ್ಲ. "ನಂಗೆ ಮಗು ಆದ್ರೆ ಒಂದು ನಿಮಿಷಾನೂ ಎಲ್ಲೂ ಬಿಟ್ಟು ಹೋಗಲ್ಲ, ನಿನ್ನಾಣೆ" ಅಂದೆ.

ಅಮ್ಮ ಅಂಗೈಯಲ್ಲಿ ಮುಖ ಒರೆಸಿಕೊಂಡು, "ಸರಿ ತಾಯಿ, ನೆನಪಿಟ್ಕೋ" ಅಂದಳು.

ಬೇಕಾದ್ದಕ್ಕಿಂತ ಹೆಚ್ಚಾಗಿಯೇ ನೆನಪಿಟ್ಟುಕೊಂಡೆ. ಮಗಳು ಹುಟ್ಟಿ ಐದು ತಿಂಗಳಾಯಿತು. ನಿದ್ದೆಯಲ್ಲಿ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡದ ರಾತ್ರಿಯಿಲ್ಲ. "ಊರಿಗೆಲ್ಲ ಮಗು ಹುಟ್ಟುತ್ತೆ, ಇವಳಿಗೆ ಭಯ ಹುಟ್ಟಿದೆ" ಎಂದು ಅಮ್ಮ ಫೋನಿನಲ್ಲೇ ಹಂಗಿಸುತ್ತಾಳೆ.

ಮಗಳನ್ನು ನಾವು ಕರೆಯುವುದು ಬನ್ನು ಎಂದು. ಅದು ಅವಳಪ್ಪ ಇಟ್ಟ ಹೆಸರು. ಇವರದು ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ನನ್ನದು ಗಾರ್ಮೆಂಟ್ಸಿನಲ್ಲಿ ಹಗಲು ಪಾಳಿ, ಅಂಗಿಗೆ ಕಾಲರ್ ಕೂರಿಸುವ ಕೆಲಸ. ಇವರು ಒಳಗೆ ಬರುವುದು, ನಾನು ಹೊರಗೆ ಹೋಗುವುದು ಒಂದೇ ಹೊಸ್ತಿಲಲ್ಲಿ. ಅಲ್ಲಿ ಮಾತಿಗೆ ಪುರುಸೊತ್ತಿಲ್ಲ. ಮಗು ಮಲಗಿದ್ದರೆ ಮಾತಾಡುವ ಹಾಗೂ ಇಲ್ಲ. ಹಾಲಿನ ಬಾಟಲಿ, ಬಟ್ಟೆ ತುಂಬಿದ ಒಂದು ನೀಲಿ ಚೀಲವಿದೆ. ಅದು ನನ್ನ ಹೆಗಲಿನಿಂದ ಇವರ ಹೆಗಲಿಗೆ ಹೋದರೆ ಮಗುವೂ ಹೋಯಿತು ಎಂದರ್ಥ. ಚೀಲ ಇದ್ದವರ ಹತ್ತಿರ ಮಗು. ಐದು ತಿಂಗಳಲ್ಲಿ ಒಮ್ಮೆಯೂ ತಪ್ಪಿಲ್ಲ.

ಇಬ್ಬರಿಗೂ ಒಟ್ಟಿಗೆ ಎರಡು ದಿನ ರಜೆ ಸಿಕ್ಕಿದ್ದು ಮದುವೆಯಾದ ಮೇಲೆ ಇದೇ ಮೊದಲು. ಇವರು ದೊಡ್ಡ ಪಟ್ಟಣ ನೋಡಿ ಬರೋಣ ಅಂದರು. ಅಲ್ಲೊಂದು ಮೀನುಗಳ ಸಂಗ್ರಹಾಲಯವಿದೆಯಂತೆ, ಗಾಜಿನ ಗೋಡೆಯಾಚೆ ಆಳೆತ್ತರದ ಮೀನುಗಳಂತೆ.

"ಬನ್ನುಗೇನು ಗೊತ್ತಾಗುತ್ತೆ ರೀ?"

"ಬನ್ನುಗಲ್ಲ ಕಣೇ, ನಂಗೆ. ನಾನು ಬೆಳಕಲ್ಲಿ ಏನಾದ್ರೂ ನೋಡಿ ಎಷ್ಟು ದಿನ ಆಯ್ತು."

ಲಾಡ್ಜಿನಲ್ಲಿ ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಕೋಣೆ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಕೀಲಿಯನ್ನು ಒಳಗಿನ ಮೊಳೆಗೆ ನೇತು ಹಾಕಿದೆವು. ನಾನು ಚಪ್ಪಲಿ ಬಿಡುವ ಮೊದಲು ಕಿಟಕಿಯ ಚಿಲಕ ಎಳೆದು ನೋಡಿದೆ. ಪ್ಲಗ್ಗಿನ ತೂತಿಗೆ ಕಾಗದ ತುರುಕಿದೆ. ಮಂಚದ ಎತ್ತರವನ್ನು ಗೇಣಿನಲ್ಲಿ ಅಳೆದೆ, ಮೂರು ಗೇಣು. ಕೆಳಗೆ ಬರೀ ಕಲ್ಲಿನ ನೆಲ. ಮಗು ಕಳೆದ ವಾರವಷ್ಟೇ ಮಗುಚಲು ಕಲಿತಿದ್ದಳು. ಮಂಚವನ್ನು ಗೋಡೆಗೆ ಒತ್ತಿಸಿದೆವು, ಆದರೆ ನೀರಿನ ಪೈಪು ಅಡ್ಡ ಬಂದು ಒಂದು ಗೇಣಿನ ಸಂದಿ ಉಳಿಯಿತು. ಅದಕ್ಕೆ ಬೀರುವಿನಲ್ಲಿದ್ದ ಎರಡು ರಗ್ಗುಗಳನ್ನು ತುಂಬಿದೆ.

"ಕೋಟೆ ಕಟ್ತಿದ್ದೀಯಾ? ಎಷ್ಟು ಸೈನ್ಯ ಬರುತ್ತೆ?" ಎಂದರು ಇವರು.

ನಾನು ನಗಲಿಲ್ಲ. ದಿನವಿಡೀ ಚೀಲ ಹೊತ್ತು ಹೆಗಲು ಸೇದುತ್ತಿತ್ತು. ಹಾಗಂತ ಹೇಳಿದೆ, ಮಲಗಿದೆ.

ಬೆಳಿಗ್ಗೆ ನಾನು ಬಚ್ಚಲಿಗೆ ಹೋದಾಗ ಬನ್ನು ಮಂಚದ ಮಧ್ಯೆ ಮಲಗಿದ್ದಳು, ಇವರು ಬೂಟು ಕಟ್ಟುತ್ತಿದ್ದರು, ಚೀಲ ಕುರ್ಚಿಯ ಮೇಲಿತ್ತು. ನೀರಿನ ಸದ್ದಿನ ನಡುವೆ "ಬಸ್ ಸ್ಟಾಪಲ್ಲಿರ್ತೀನಿ, ಬಾ" ಎಂದು ಇವರು ಕೂಗಿದ್ದು ಕೇಳಿತು. ಹೊರಗೆ ಬಂದಾಗ ಇವರಿರಲಿಲ್ಲ. ಪರದೆ ಸರಿಸಿರಲಿಲ್ಲ, ಹಾಸಿಗೆಯ ಮೇಲೆ ಹೊದಿಕೆ ಗುಡ್ಡೆ ಬಿದ್ದಿತ್ತು. ನಾನು ಮಂಚ ನೋಡಲಿಲ್ಲ. ಕುರ್ಚಿ ನೋಡಿದೆ. ಚೀಲವಿರಲಿಲ್ಲ. ಸದ್ಯ, ಇವರೇ ಎತ್ತಿಕೊಂಡು ಹೋಗಿದ್ದಾರೆ ಎಂದು ಮನಸ್ಸು ಹಗುರಾಯಿತು. ಬಾಗಿಲು ಎಳೆದುಕೊಂಡೆ.

ಬಸ್ ನಿಲ್ದಾಣದಲ್ಲಿ ಜನವೋ ಜನ. ಇವರು ದೂರದಿಂದ ಕೈ ಎತ್ತಿ, ಬಂದ ಬಸ್ಸಿನ ಮುಂದಿನ ಬಾಗಿಲಿಗೆ ಹತ್ತಿದರು. ನಾನು ಹಿಂದಿನ ಬಾಗಿಲಿಗೆ ಹತ್ತಿದೆ. ತಲೆಗಳ ನಡುವೆ ಚೀಲದ ನೀಲಿ ಪಟ್ಟಿ ಕಾಣುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಯಾರಾದರೂ ಮಗುವಿಗೆ ಮೊಣಕೈ ತಾಗಿಸಿಯಾರು ಎಂಬುದೊಂದೇ ನನ್ನ ಭಯ.

ಎರಡನೇ ನಿಲ್ದಾಣದಲ್ಲಿ ಇಳಿದೆವು. ಇವರು ನಗುತ್ತ ನನ್ನ ಕಡೆ ಬಂದರು, ನನ್ನ ಕೈಗಳನ್ನು ನೋಡಿದರು. ನಾನು ಇವರ ಕೈಗಳನ್ನು ನೋಡಿದೆ.

"ಬನ್ನು ಎಲ್ಲಿ?"

ಯಾರು ಕೇಳಿದ್ದೋ ಗೊತ್ತಿಲ್ಲ. ಇಬ್ಬರೂ ಇರಬೇಕು.

"ಚೀಲ ನಿಮ್ಮ ಹತ್ರ ಇದೆ" ಅಂದೆ.

"ನಿನ್ನ ಹೆಗಲು ನೋಯ್ತಿತ್ತಲ್ಲ. ಅದಕ್ಕೆ ತಗೊಂಡೆ. ಬರೀ ಚೀಲ."

ಎದುರು ದಿಕ್ಕಿನ ರಸ್ತೆಯಲ್ಲಿ ಬಸ್ಸೂ ಇರಲಿಲ್ಲ, ಖಾಲಿ ಆಟೋನೂ ಇರಲಿಲ್ಲ. ಓಡಿದೆವು. ಇವರು ಓಡುತ್ತಲೇ ಚೀಲದಿಂದ ಲಾಡ್ಜಿನ ರಸೀದಿ ತೆಗೆದು ಫೋನ್ ಮಾಡಿದರು. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಚೀಲದೊಳಗೆ ಬಾಟಲಿ ಟಕಟಕ ಬಡಿಯುತ್ತಿತ್ತು. ಆ ಸದ್ದಿಗೆ ಸರಿಯಾಗಿ ನನ್ನ ತಲೆಯೊಳಗೆ ಒಂದೊಂದೇ ಬರುತ್ತಿತ್ತು: ಮೂರು ಗೇಣು. ಕಲ್ಲಿನ ನೆಲ. ಮೂಗಿನ ಮೇಲೆ ಹೊದಿಕೆ. ಎದುರಿಗೆ ಬಂದವರೆಲ್ಲ ದಾರಿ ಬಿಟ್ಟರು; ನನ್ನ ಮುಖ ಹೇಗಿತ್ತೋ. ಒಂದು ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ.

ಲಾಡ್ಜಿನ ಯಜಮಾನ ಪೇಪರ್ ಓದುತ್ತ ಕೂತಿದ್ದ. ಫೋನು ಅವನ ಪಕ್ಕದಲ್ಲೇ ಇನ್ನೂ ಬಡಿದುಕೊಳ್ಳುತ್ತಿತ್ತು.

"ಬೆಳಿಗ್ಗೆ ಹೊತ್ತು ಬರೀ ರಾಂಗ್ ನಂಬರು" ಎಂದು ಶುರು ಮಾಡಿದವನು ನಮ್ಮನ್ನು ನೋಡಿ ನಿಲ್ಲಿಸಿದ. "ಏನಾಯ್ತಮ್ಮಾ?"

"ಮಗು. ಒಳಗೆ. ಕೀಲೀನೂ ಒಳಗೆ. ಬಾಗಿಲು ತೆಗೀರಿ."

ಅವನು ಕೀಲಿಗೊಂಚಲು ಹಿಡಿದು ತನ್ನ ವಯಸ್ಸು ಮರೆತು ಮೂರು ಮಹಡಿ ಹತ್ತಿದ. ಬಾಗಿಲಿಗೆ ಕಿವಿಯಿಟ್ಟೆ. ಅಳು ಕೇಳಿದ್ದರೆ ಸಾಕಿತ್ತು. ಏನೂ ಕೇಳಲಿಲ್ಲ. ಮೊದಲ ಕೀಲಿ ತಿರುಗಲಿಲ್ಲ. ಎರಡನೆಯದೂ ಇಲ್ಲ. "ನಿಧಾನ ಯಜಮಾನ್ರೇ, ನಿಧಾನ" ಎಂದರು ಇವರು. ಮೂರನೆಯದು ತಿರುಗಿತು.

ಮಂಚ ಖಾಲಿ.

ಹೊದಿಕೆ ಕಿತ್ತೆಸೆದೆ. ಅದರಡಿ ಇರಲಿಲ್ಲ. ಇವರು ನೆಲಕ್ಕೆ ಮುಖ ಹಚ್ಚಿ ಮಂಚದ ಕೆಳಗೆ ನೋಡಿದರು. ಅಲ್ಲೂ ಇಲ್ಲ. ಯಜಮಾನ ಕಿಟಕಿಯತ್ತ ನೋಡಿದ. ಅವನು ಅತ್ತ ನೋಡಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಚಿಲಕ ಹಾಕಿಯೇ ಇತ್ತು.

ಆಗ ಗೋಡೆಯ ಕಡೆಯಿಂದ ಸಣ್ಣ ಸದ್ದು ಬಂತು, ಯಾರೋ ಬಟ್ಟೆ ಚೀಪುವ ಸದ್ದು. ಸಂದಿಯಲ್ಲಿ ತುರುಕಿದ್ದ ರಗ್ಗಿನೊಳಗೆ ಬನ್ನು ಸೊಂಟದವರೆಗೆ ಹುದುಗಿ ಕೂತ ಹಾಗೆ ಸಿಕ್ಕಿಕೊಂಡಿದ್ದಳು. ಮುಖ ಕೆಂಪಗೆ ಊದಿತ್ತು, ಅತ್ತು ಅತ್ತು ಗಂಟಲು ಕಟ್ಟಿತ್ತು. ರಗ್ಗಿನ ಮೂಲೆ ಬಾಯಲ್ಲಿತ್ತು. ನನ್ನನ್ನು ನೋಡಿ ಅದನ್ನು ಉಗಿದಳು.

ಎತ್ತಿಕೊಂಡೆ. ತಲೆ, ಕೈ, ಕಾಲು, ಬೆನ್ನು ಸವರಿ ನೋಡಿದೆ. ಏನೂ ಆಗಿರಲಿಲ್ಲ. ಇವರು ನೆಲದಿಂದ ಏಳಲಿಲ್ಲ. ಚೀಲ ತಬ್ಬಿಕೊಂಡು ಗೋಡೆಗೊರಗಿ ಕೂತರು.

"ನಮ್ಮಲ್ಲಿ ಛತ್ರಿ ಮರೀತಾರೆ, ಚಾರ್ಜರ್ ಮರೀತಾರೆ" ಎಂದ ಯಜಮಾನ. ಕೆಳಗೆ ಹೋಗಿ ಬಿಸಿನೀರು ಕಳಿಸಿದ.

ಮೀನು ನೋಡಲು ಹೋಗಲಿಲ್ಲ. ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು.

"ಮೀನು ನೋಡಿದ್ರಾ?"

"ಇಲ್ಲಮ್ಮ. ಬನ್ನುನ ಕೋಣೇಲಿ ಬಿಟ್ಟು ಬೀಗ ಹಾಕ್ಕೊಂಡು ಹೋಗಿದ್ದೆ. ಇವರ ಹತ್ರ ಇದಾಳೆ ಅಂದ್ಕೊಂಡೆ."

ಅಮ್ಮ ಹಂಗಿಸುತ್ತಾಳೆ ಎಂದು ಕಾದೆ.

"ಎಷ್ಟು ಹೊತ್ತು?" ಎಂದು ಕೇಳಿದಳು.

"ಇಪ್ಪತ್ತೆರಡು ನಿಮಿಷ."

ಒಂದು ನಿಮಿಷವೂ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತು ಮುರಿಯಿತು.